ಸಂತೆ ಮಾರನೇ ದಿನ

ನಾನು ಕೊಡಗಿಗೆ ಬಂದಿದ್ದು 2023ರ ನವೆಂಬರಲ್ಲಿ. ಅದಕ್ಕೂ ಮುಂಚೆ ಹಾಸನದಲ್ಲಿ ನಾಲ್ಕು ವರ್ಷ ಬಿಸ್ಕತ್ತು ಸೋಪಿನ ಸೇಲ್ಸ್ ಲೈನಲ್ಲಿದ್ದೆ, ಅಲ್ಲಿ ಟೈಮು ಅನ್ನೋದು ಒಂದು ತಲೆನೋವೇ ಅಲ್ಲ, ಬೆಳಿಗ್ಗೆ ಬೀದಿಯ ಈ ಕಡೆ ಅಂಗಡಿಗಳನ್ನ ಮಾಡ್ಕೊಂಡು ಹೋಗೋದು, ಮಧ್ಯಾಹ್ನದ ಮೇಲೆ ಆ ಕಡೆದು ಮಾಡ್ಕೊಂಡು ಬರೋದು, ಸಂಜೆಗೆ ನಲವತ್ತು ಬಿಲ್ಲು ಕೈಯಲ್ಲಿ. ಆಮೇಲೆ ಈ ಕೃಷಿ ಔಷಧಿ ಗೊಬ್ಬರದ ಕಂಪನಿಗೆ ಸೇರ್ದೆ. ಸಂಬಳ ಜಾಸ್ತಿ, ಕಾರಿಗೆ ಪೆಟ್ರೋಲ್ ಅಲೋವೆನ್ಸು, ಟೆರಿಟರಿ ಇಡೀ ಕೊಡಗು ಜಿಲ್ಲೆ. ಒಂದು ಪೂರ್ತಿ ಜಿಲ್ಲೆ ನನ್ನೊಬ್ಬನಿಗೇ ಅಂದಾಗ ಖುಷಿಯಾಗಿದ್ದು ಸುಳ್ಳಲ್ಲ, ಮ್ಯಾಪಲ್ಲಿ ನೋಡಿದ್ರೆ ಅಂಗೈ ಅಗಲ ಇದೆ. ಮ್ಯಾಪಲ್ಲಿ ತಿರುವು ಕಾಣಲ್ಲ, ಮಂಜು ಕಾಣಲ್ಲ, ಮುಂದೆ ಹೋಗ್ತಿರೋ ಮರದ ಲಾರಿ ಅಂತೂ ಕಾಣೋದೇ ಇಲ್ಲ.

ಕುಶಾಲನಗರದಲ್ಲಿ ಮನೆ ಮಾಡ್ದೆ. ನಮ್ಮೂರು ಅರಕಲಗೂಡಿಗೆ ಹತ್ತಿರ, ಬಾಡಿಗೆ ಮಡಿಕೇರಿಗಿಂತ ಕಮ್ಮಿ, ಚಳಿನೂ ಕಮ್ಮಿ. ಮೊದಲ ಮೂರು ತಿಂಗಳು ನಾನು ಓಡಿದ ಓಟ ನೆನೆಸ್ಕೊಂಡ್ರೆ ಈಗ್ಲೂ ಸೊಂಟ ನೋಯುತ್ತೆ. ಬೆಳಿಗ್ಗೆ ಏಳಕ್ಕೆ ಬಿಟ್ರೆ ರಾತ್ರಿ ಎಂಟು ಒಂಬತ್ತು. ಸೋಮವಾರಪೇಟೆಯಲ್ಲಿ ಒಬ್ರು ಫೋನ್ ಮಾಡಿದ್ರು ಅಂತ ಅಲ್ಲಿಗೆ ಹೋಗೋದು, ಅಷ್ಟೊತ್ತಿಗೆ ಗೋಣಿಕೊಪ್ಪದ ಡೀಲರ್ರು ಸ್ಟಾಕ್ ವಾಪಸ್ ತಗೊಂಡು ಹೋಗಿ ಅಂತ ಕೂಗಾಡ್ತಿದ್ದಾರೆ ಅಂತ ಅಲ್ಲಿಂದ ಇಲ್ಲಿಗೆ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಓಡೋದು, ನಡುವೆ ಮಡಿಕೇರಿಯಲ್ಲಿ ಟ್ರಾಫಿಕ್ಕು, ಗೋಣಿಕೊಪ್ಪಕ್ಕೆ ಹೋಗಿ ಸೇರೋ ಹೊತ್ತಿಗೆ ಆ ಮನುಷ್ಯ ಊಟಕ್ಕೆ ಹೋಗಿ ಮಲಗಿರ್ತಾರೆ. ಕೊಡಗಿನ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ಅಂದ್ರೆ ಅದೊಂದು ಬೇರೆ ಲೋಕ, ಅಂಗಡಿ ಅರ್ಧ ಶಟರ್ ಎಳೆದಿರುತ್ತೆ, ತೋಟದ ಮನೇಲಿ ನಾಯಿ ಬಿಟ್ರೆ ಯಾರೂ ಎದ್ದಿರಲ್ಲ. ನಾನು ಅಂಗಡಿ ಮುಂದೆ ಕಾರಲ್ಲಿ ಕೂತು ಕಾಯ್ತಿದ್ದೆ. ಕಾಯೋದೂ ಕೆಲಸ ಅಂತಲೇ ಅಂದ್ಕೊಂಡಿದ್ದೆ ಆಗ.

2024ರ ಜನವರಿ ಟಾರ್ಗೆಟ್ ಹೋಯ್ತು. ಫೆಬ್ರವರಿದೂ ಹೋಗೋ ಹಾಗಿತ್ತು. ನಮ್ಮ ಏರಿಯಾ ಮ್ಯಾನೇಜರ್ ಮೈಸೂರಲ್ಲಿ ಕೂತ್ಕೊಂಡು 'ನೀವು ಟೈಮ್ ಮ್ಯಾನೇಜ್‌ಮೆಂಟ್ ಕಲೀಬೇಕು' ಅಂದ್ರು. ಸರಿ ಅಂತ ರಾತ್ರಿ ಯೂಟ್ಯೂಬ್ ತೆಗೆದು ಕೂತೆ. ಒಬ್ರು ಇಪ್ಪತ್ತೈದು ನಿಮಿಷ ಕೆಲಸ ಐದು ನಿಮಿಷ ರೆಸ್ಟು ಅಂತಾರೆ, ಅದು ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನೋ ಇಟಲಿಯವನು ಅಡುಗೆಮನೆ ಟೊಮೆಟೊ ಆಕಾರದ ಟೈಮರ್ ಇಟ್ಕೊಂಡು ಶುರು ಮಾಡಿದ್ದಂತೆ. ಮೇಜಿನ ಮುಂದೆ ಕೂತು ಓದೋ ಹುಡುಗರಿಗೆ ಅದು ಸರಿ, ನಾನು ಸಂಪಾಜೆ ಘಾಟಿಯಲ್ಲಿ ಟ್ಯಾಂಕರ್ ಹಿಂದೆ ಇರ್ತೀನಿ, ನನಗೆ ಯಾವ ಇಪ್ಪತ್ತೈದು ನಿಮಿಷ? ಇನ್ನೊಬ್ರು ಅರ್ಜೆಂಟು, ಮುಖ್ಯ ಅಂತ ನಾಲ್ಕು ಚೌಕ ಬರೀರಿ ಅಂದ್ರು. ಬರ್ದೆ. ಎಲ್ಲಾ ಕೆಲಸನೂ ಒಂದೇ ಚೌಕಕ್ಕೆ ಹೋಗಿ ಕೂತ್ವು.

ಆದ್ರೆ ಒಂದು ವಿಡಿಯೋದಲ್ಲಿ ಒಂದು ಮಾತು ಹಿಡೀತು. ಮೊದಲು ಪ್ಲಾನ್ ಮಾಡ್ಬೇಡಿ, ಮೊದಲು ನಿಮ್ಮ ಟೈಮ್ ಎಲ್ಲಿಗೆ ಹೋಗ್ತಿದೆ ಅಂತ ಬರೆದಿಡಿ, ಅಂತ. ಹಾಲು ಸೊಸೈಟಿ ಪುಸ್ತಕದ ಸೈಜಿನದೊಂದು ಸಣ್ಣ ನೋಟ್‌ಬುಕ್ ತಗೊಂಡು ಡ್ಯಾಶ್‌ಬೋರ್ಡ್ ಮೇಲಿಟ್ಟೆ, ಅರ್ಧ ಗಂಟೆಗೊಂದು ಸಲ ಏನು ಮಾಡ್ತಿದ್ದೆ ಅಂತ ಎರಡೇ ಎರಡು ಪದ. 'ಡ್ರೈವ್, ಸುಂಟಿಕೊಪ್ಪ.' 'ಕಾಯ್ತಾ ಇದೀನಿ.' 'ಕಾಯ್ತಾ ಇದೀನಿ.' 'ಟೀ.' 'ಆ್ಯಪ್ ಹ್ಯಾಂಗ್.' ಈ ತರ. ಸುಳ್ಳು ಬರೀಬಾರದು ಅನ್ನೋದೊಂದೇ ರೂಲು. ಎರಡು ವಾರ ಮಾಡ್ದೆ, ಮೊದಲ ವಾರ ನಾಚಿಕೆಗೆ ಚೆನ್ನಾಗಿ ಕೆಲಸ ಮಾಡಿರ್ತೀವಲ್ಲ ಅದಕ್ಕೇ ಎರಡನೇ ವಾರದ್ದು ಮಾತ್ರ ಲೆಕ್ಕ ಹಾಕ್ದೆ.

ಆರು ದಿನಕ್ಕೆ ಒಟ್ಟು 66 ಗಂಟೆ. ಅದರಲ್ಲಿ ಕಾರು ಓಡಿಸಿದ್ದು 24. ಕಾದಿದ್ದು 12. ರಿಪೋರ್ಟು, ಆ್ಯಪು, ವಾಟ್ಸಾಪ್ ಗ್ರೂಪು ಇಷ್ಟಕ್ಕೆ 9. ತಿಂಡಿ ಊಟ ಟೀ ಪಂಕ್ಚರು ಎಲ್ಲ ಸೇರಿ 8. ಗಿರಾಕಿ ಜೊತೆ ಮಾತಾಡಿದ್ದು 13 ಗಂಟೆ. ಆ ಹದಿಮೂರರಲ್ಲೂ ನಿಜವಾಗ್ಲೂ ಆರ್ಡರ್ ಕೊಡೋ ಅಧಿಕಾರ ಇರೋರ ಹತ್ರ ಮಾತಾಡಿದ್ದು ಏಳು ಗಂಟೆ, ಉಳಿದಿದ್ದು ಅಂಗಡಿ ಹುಡುಗರ ಹತ್ರ, ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಹತ್ರ, 'ಸಾರ್ ಇಲ್ಲ ನಾಳೆ ಬನ್ನಿ' ಅನ್ನೋರ ಹತ್ರ. ಅಂದ್ರೆ ಕಂಪನಿ ನನಗೆ ವಾರಪೂರ್ತಿ ಸಂಬಳ ಕೊಟ್ಟು ಏಳು ಗಂಟೆ ಮಾರಾಟ ಮಾಡಿಸ್ಕೊಳ್ತಿತ್ತು. ಆ ಹಾಳೇನ ಹೆಂಡತಿಗೆ ತೋರಿಸ್ದೆ, 'ನೀವು ಸೇಲ್ಸಲ್ಲ ಕಣ್ರೀ, ಡ್ರೈವರ್ರು' ಅಂದ್ಲು.

ಕಾದಿದ್ದು ಹನ್ನೆರಡು ಗಂಟೆ ಅನ್ನೋದು ನನಗೆ ಸುಮಾರು ದಿನ ಕೊರೀತು. ಡ್ರೈವ್ ಕಮ್ಮಿ ಮಾಡಕ್ಕಾಗಲ್ಲ ಅಂತ ಆಗ ಅಂದ್ಕೊಂಡಿದ್ದೆ, ಬೆಟ್ಟ ಏನು ಸರಿಯುತ್ತಾ. ಆದ್ರೆ ಕಾಯೋದು ಯಾಕೆ ಇಷ್ಟಾಗ್ತಿದೆ? ಇದಕ್ಕೆ ಉತ್ತರ ಕೊಟ್ಟಿದ್ದು ಸೋಮವಾರಪೇಟೆಯ ಒಬ್ರು ಹಳೇ ಡೀಲರ್, ವಯಸ್ಸು ಎಪ್ಪತ್ತರ ಮೇಲೆ. ನನಗಿಂತ ಮುಂಚೆ ಇದ್ದವನು ಮಾಡಿಟ್ಟಿದ್ದ ಬೀಟ್ ಪ್ಲಾನ್, ಅಂದ್ರೆ ಯಾವ ದಿನ ಯಾವ ಊರು ಅನ್ನೋ ಪಟ್ಟಿ, ಅದರ ಪ್ರಕಾರ ನಾನು ಸೋಮವಾರ ಸೋಮವಾರಪೇಟೆಗೆ ಹೋಗ್ತಿದ್ದೆ. ಅವತ್ತು ಅಲ್ಲಿ ಸಂತೆ. ಅಂಗಡಿ ತುಂಬ ಜನ, ಒಬ್ಬನಿಗೆ ಕಳೆನಾಶಕ, ಒಬ್ಬನಿಗೆ ಎರಡು ಕೆಜಿ ಯೂರಿಯಾ, ಒಬ್ಬನಿಗೆ ಸ್ಪ್ರೇಯರ್ ವಾಷರು. ನಾನು ಮೂಲೇಲಿ ಬ್ಯಾಗ್ ಹಿಡ್ಕೊಂಡು ಒಂದೂವರೆ ಗಂಟೆ ನಿಂತೆ. ಕೊನೆಗೆ ಅವರು ಕನ್ನಡಕ ಮೇಲೆತ್ತಿ, 'ಅಲ್ಲ ಮಾರಾಯ, ಸಂತೆ ದಿನ ಬಂದು ಆರ್ಡರ್ ಕೇಳ್ತೀಯಲ್ಲ, ಮದುವೆ ಮನೇಲಿ ಪಂಕ್ತಿ ಕೂತಿರುವಾಗ ಅಡುಗೆ ಭಟ್ರ ಹತ್ರ ಜಾತಕ ತೋರಿಸ್ತಾರಾ? ನಾಳೆ ಬಾ. ನಾಳೆ ನನ್ನ ಹತ್ರ ಹೊತ್ತೂ ಇರ್ತದೆ ದುಡ್ಡೂ ಇರ್ತದೆ' ಅಂದ್ರು.

ಆ ಕೊನೆ ಮಾತು ಕೇಳಿ ಕಾರಲ್ಲಿ ಬಂದು ಕೂತು ನೋಟ್‌ಬುಕ್ ತೆಗ್ದೆ. ಸೋಮವಾರಪೇಟೆ ಸೋಮವಾರ, ಕುಶಾಲನಗರ ಮಂಗಳವಾರ, ವಿರಾಜಪೇಟೆ ಬುಧವಾರ, ಮಡಿಕೇರಿ ಶುಕ್ರವಾರ, ಶನಿವಾರಸಂತೆಯದು ಊರ ಹೆಸರಲ್ಲೇ ಇದೆ, ಗೋಣಿಕೊಪ್ಪ ಭಾನುವಾರ. ಹಳೇ ಪ್ಲಾನಲ್ಲಿ ನಾವು ಹೆಚ್ಚೂಕಮ್ಮಿ ಎಲ್ಲಾ ಊರಿಗೂ ಸರಿಯಾಗಿ ಸಂತೆ ದಿನವೇ ಹೋಗ್ತಿದ್ವಿ! ಹಳಬನ ಲೆಕ್ಕ ಏನಿತ್ತೋ, ಸಂತೆಗೆ ತೋಟದೋರೆಲ್ಲ ಊರಿಗೆ ಇಳೀತಾರೆ ಸಿಕ್ತಾರೆ ಅಂತ ಇರ್ಬೇಕು. ಸಿಕ್ತಾರೆ, ಸಿಕ್ಕಿದ್ರೂ ಅವರ ಕೈಯಲ್ಲಿ ಮೀನಿನ ಚೀಲ ಇರುತ್ತೆ, ಜೀಪಲ್ಲಿ ಆಳುಗಳು ಕೂತಿರ್ತಾರೆ, ನಮ್ಮ ಬ್ರೋಷರ್ ಓದೋಕೆ ಯಾರಿಗೆ ಪುರಸೊತ್ತು.

ಇಡೀ ವಾರಾನ ಒಂದು ದಿನ ಮುಂದಕ್ಕೆ ತಳ್ಳಿದೆ, ಅಷ್ಟೇ ನಾನು ಮಾಡಿದ್ದು. ಸೋಮವಾರ ಗೋಣಿಕೊಪ್ಪ, ಪೊನ್ನಂಪೇಟೆ, ಯಾಕಂದ್ರೆ ಭಾನುವಾರದ ಸಂತೆ ದುಡ್ಡು ಇನ್ನೂ ಗಲ್ಲಾದಲ್ಲಿರುತ್ತೆ, ಬ್ಯಾಂಕಿಗೆ ಹೋಗೋ ಮುಂಚೆ ನಾನು ಹೋಗಿ ನಿಂತಿರ್ಬೇಕು. ಮಂಗಳವಾರ ಸೋಮವಾರಪೇಟೆ, ಮಾದಾಪುರ, ಹದಿನೈದು ದಿನಕ್ಕೊಂದು ಸಲ ಹಾಗೇ ಶನಿವಾರಸಂತೆ ಕೊಡ್ಲಿಪೇಟೆ ತನಕ. ಅವತ್ತು ಕುಶಾಲನಗರದಲ್ಲೇ ಸಂತೆ ಆದ್ರಿಂದ ನಾನು ಊರಲ್ಲಿ ಇಲ್ದೆ ಇರೋದೇ ಒಳ್ಳೇದು. ಬುಧವಾರ ಕುಶಾಲನಗರ, ಸುಂಟಿಕೊಪ್ಪ, ಮನೆ ಹತ್ರದ ದಿನ, ಮಧ್ಯಾಹ್ನದ ಮೇಲೆ ಬಿಲ್ಲು ಕ್ಲೇಮು ಸ್ಟಾಕ್ ಸ್ಟೇಟ್‌ಮೆಂಟ್ ಅಂತ ಕೂತು ಮಾಡೋ ಕೆಲಸ ಎಲ್ಲ ಅವತ್ತೇ. ಗುರುವಾರ ವಿರಾಜಪೇಟೆ, ಅಮ್ಮತ್ತಿ, ಸಿದ್ದಾಪುರ. ಶುಕ್ರವಾರ ಪೇಟೆನೇ ಇಲ್ಲ, ಮೂರ್ನಾಡು ನಾಪೋಕ್ಲು ಕಡೆ ಬರೀ ತೋಟಗಳು. ಶನಿವಾರ ಮಡಿಕೇರಿ ಅಂಗಡಿಗಳು.

ಬರೆಯೋಕೆ ಸುಲಭ, ಕೂರಿಸೋಕೆ ಎರಡು ತಿಂಗಳು ಹಿಡೀತು. ಕಷ್ಟ ಬಂದಿದ್ದು ಅರ್ಜೆಂಟ್ ಫೋನ್‌ಗಳದ್ದು. ನಾನು ಸೋಮವಾರಪೇಟೆಯಲ್ಲಿದ್ದಾಗ ವಿರಾಜಪೇಟೆಯಿಂದ 'ಈಗ್ಲೇ ಬನ್ನಿ' ಅಂತ ಬರುತ್ತೆ. ಮೊದಲಾಗಿದ್ರೆ ಕಾರು ತಿರುಗಿಸ್ತಿದ್ದೆ. ಈಗ 'ಅಣ್ಣ, ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಅಂಗಡೀಲಿ ಇರ್ತೀನಿ, ಅಷ್ಟರಲ್ಲಿ ಏನಾದ್ರೂ ತೀರಾ ಅರ್ಜೆಂಟ್ ಇದ್ರೆ ಹೇಳಿ, ಫೋನಲ್ಲೇ ಮುಗಿಸೋಣ' ಅನ್ನೋಕೆ ಶುರು ಮಾಡ್ದೆ. ನಿಜ ಹೇಳ್ಬೇಕಂದ್ರೆ ಹತ್ತರಲ್ಲಿ ಎಂಟು ಫೋನಲ್ಲೇ ಮುಗೀತು. ಒಬ್ರು ಮಾತ್ರ ಕೋಪ ಮಾಡ್ಕೊಂಡು ಎರಡು ತಿಂಗಳು ಆರ್ಡರ್ ಕೊಡ್ಲಿಲ್ಲ, ಆಮೇಲೆ ಗುರುವಾರ ಹತ್ತೂವರೆಗೆ ಕರೆಕ್ಟಾಗಿ ಬರ್ತಾನೆ ಅಂತ ಅವರಿಗೇ ಅಭ್ಯಾಸ ಆಗಿ, ಈಗ ನಾನು ಹೋಗೋ ಮುಂಚೆ ಚೀಟಿ ಬರೆದಿಟ್ಟಿರ್ತಾರೆ. ಆ ಚೀಟಿ ನೋಡಿದ ದಿನ ನನಗೆ ಆದ ಸಂತೋಷ ಇನ್ಸೆಂಟಿವ್ ಬಂದಾಗ್ಲೂ ಆಗಿಲ್ಲ.

ಫೋನ್ ಮಾಡೋ ಹೊತ್ತನ್ನೂ ಹೀಗೇ ಕಂಡ್ಕೊಂಡೆ. ತೋಟದೋರಿಗೆ ಬೆಳಿಗ್ಗೆ ಎಂಟಕ್ಕೆ ಮಾಡಿದ್ರೆ ಬೈಗುಳ ಗ್ಯಾರಂಟಿ, ಆಳುಗಳಿಗೆ ಕೆಲಸ ಹಂಚೋ ಹೊತ್ತು, ಯಾರು ಬಂದ್ರು ಯಾರು ಬರ್ಲಿಲ್ಲ ಅಂತ ಅವರ ತಲೆ ಅಲ್ಲಿರುತ್ತೆ. ಒಂದು ಸುತ್ತು ತೋಟ ನೋಡಿ ಬಂದು ತಿಂಡಿ ತಿಂದು ಪೇಪರ್ ಹಿಡ್ಕೊಂಡಿರ್ತಾರೆ ನೋಡಿ, ಹತ್ತರಿಂದ ಹನ್ನೊಂದೂವರೆ, ಅದು ಬಂಗಾರದ ಹೊತ್ತು. ಆಮೇಲೆ ಸಂಜೆ ಆರರಿಂದ ಏಳು. ಏಳರ ಮೇಲೆ ಫೋನ್ ಮಾಡಿದ್ರೆ ಕೆಲವರು ತುಂಬಾ ಪ್ರೀತಿಯಿಂದ ಮಾತಾಡ್ತಾರೆ, ಬೆಳಿಗ್ಗೆ ಅದು ನೆನಪಿರಲ್ಲ. ಮತ್ತೆ ನೆಟ್‌ವರ್ಕ್. ನಾಪೋಕ್ಲು ಭಾಗಮಂಡಲ ರಸ್ತೆಯಲ್ಲಿ ಎಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತೆ ಅಂತ ನೋಟ್‌ಬುಕ್ಕಿನ ಕೊನೇ ಹಾಳೇಲಿ ಬರೆದಿಟ್ಕೊಂಡಿದೀನಿ, ಅಂತಾ ಜಾಗ ಬಂದ ತಕ್ಷಣ ಸೈಡಿಗೆ ಹಾಕಿ ಬಾಕಿ ಇರೋ ಕಾಲ್‌ಗಳನ್ನೆಲ್ಲ ಒಟ್ಟಿಗೆ ಮಾಡೋದು. ಡ್ರೈವ್ ಮಾಡ್ತಾ ಮಾತಾಡೋದು ಪೂರ್ತಿ ಬಿಟ್ಟೆ, ಒಳ್ಳೇತನಕ್ಕಲ್ಲ, ಒಂದ್ಸಲ ತಿರುವಲ್ಲಿ ಎದುರು ಬಂದ ಬಸ್ಸು ಬಿಡಿಸಿದ್ದು.

ದಿನದ ಲೆಕ್ಕ ಒಂದಾದ್ರೆ ವರ್ಷದ ಲೆಕ್ಕ ಇನ್ನೊಂದು. ಇದು ನನಗೆ ಅರ್ಥ ಆಗೋಕೆ ಒಂದು ಪೂರ್ತಿ ವರ್ಷ ಬೇಕಾಯ್ತು. ನಮ್ಮ ಕಂಪನಿಗೆ ಜನವರಿ ಫೆಬ್ರವರಿ ಮಾರ್ಚ್ ಅಂದ್ರೆ ವರ್ಷದ ಕೊನೇ ಕ್ವಾರ್ಟರು, ಒತ್ತಡವೋ ಒತ್ತಡ, ಸ್ಟಾಕ್ ತುಂಬಿಸಿ ಸ್ಟಾಕ್ ತುಂಬಿಸಿ. ಕೊಡಗಲ್ಲಿ ಆಗ ಕಾಫಿ ಕೊಯ್ಲು. ಅರೇಬಿಕಾ ಮುಗೀತಾ ಬಂದಿರುತ್ತೆ, ರೋಬಸ್ಟಾ ನಡೀತಿರುತ್ತೆ, ಕಣದಲ್ಲಿ ಕಾಫಿ ಹರಡಿರುತ್ತೆ, ಆಳು ಸಿಗ್ತಿಲ್ಲ, ಮೋಡ ಕಂಡ್ರೆ ಎದೆ ಡವಡವ. ಅಂತಾ ಟೈಮಲ್ಲಿ ಹೋಗಿ 'ಸಾರ್ ಸೂಕ್ಷ್ಮ ಪೋಷಕಾಂಶ' ಅಂದ್ರೆ ಯಾರು ಕೇಳ್ತಾರೆ? ಆ ಮೂರು ತಿಂಗಳು ನಾನು ಈಗ ಮಾರೋಕೆ ಜಾಸ್ತಿ ಟೈಮ್ ಹಾಕಲ್ಲ, ವಸೂಲಿಗೆ ಹಾಕ್ತೀನಿ. ಕಾಫಿ ಮಾರಿದ ದುಡ್ಡು ಬರೋದು ಆಗ, ಹಿಂದಿನ ವರ್ಷದ ಉದ್ರಿ ಚುಕ್ತಾ ಆಗೋದು ಆಗ, ಅಂಗಡಿಯವರಿಗೆ ತೋಟದೋರು ಕೊಡ್ತಾರೆ ಅಂಗಡಿಯವರು ನಮಗೆ ಕೊಡ್ತಾರೆ. ಹಳೇ ಬಾಕಿ ಕ್ಲಿಯರ್ ಆಗಿರೋ ಡೀಲರ್‌ಗೆ ಏಪ್ರಿಲಲ್ಲಿ ಸ್ಟಾಕ್ ಹಾಕೋದು ಹತ್ತು ನಿಮಿಷದ ಕೆಲಸ, ಬಾಕಿ ಇರೋನಿಗೆ ಹಾಕ್ಬೇಕಂದ್ರೆ ಕ್ರೆಡಿಟ್ ಲಿಮಿಟ್ಟು, ಅಪ್ರೂವಲ್ಲು, ಇಮೇಲು, ಮೂರು ದಿನ. ವಸೂಲಿನೇ ನನ್ನ ದೊಡ್ಡ ಟೈಮ್ ಉಳಿತಾಯ ಅಂತ ಯಾವ ಟ್ರೈನಿಂಗಲ್ಲೂ ಹೇಳಿಕೊಡ್ಲಿಲ್ಲ.

ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಬಿಡಿಸೋ ಹೂಮಳೆ ಬಂತು ಅಂದ್ರೆ ಗಡಿಯಾರ ಶುರು. ಹೂ ಬಿಟ್ಟು, ಆಮೇಲೆ ಆ ಹೂ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಬಂದು, ಗೊಬ್ಬರ ಹಾಕೋ ಹೊತ್ತು ಬರುತ್ತೆ. ಏಪ್ರಿಲ್ ಮೇ ನಮಗೆ ಸುಗ್ಗಿ. ಮೇನಲ್ಲಿ ಮೈಲುತುತ್ತು, ಅಂದ್ರೆ ಕಾಪರ್ ಸಲ್ಫೇಟು. ಗೊತ್ತಿಲ್ದವರಿಗೆ ಹೇಳ್ತೀನಿ, ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇದು ಒಂದು ಪರ್ಸೆಂಟಿನ ಬೋರ್ಡೋ ದ್ರಾವಣ, ಕೊಳೆರೋಗ ಬರ್ದೆ ಇರೋಕೆ, ಮಳೆಗಾಲ ಹಿಡಿಯೋ ಮುಂಚೆ ಕಾಫಿ ಗಿಡಕ್ಕೂ ಕರಿಮೆಣಸಿನ ಬಳ್ಳಿಗೂ ಹೊಡೀಬೇಕು, ಎಲೆ ಮೇಲಿನ ನೀರು ಆರಿರ್ಬೇಕು, ಅವತ್ತು ಕಲಸಿದ್ದು ಅವತ್ತೇ ಮುಗಿಸ್ಬೇಕು. ಹಾಗಾಗಿ ಇಡೀ ಜಿಲ್ಲೆಗೆ ಅದೇ ಎರಡು ಮೂರು ವಾರದಲ್ಲಿ ಬೇಕು. ಆ ಮೂರು ವಾರ ನಾನು ಎಲ್ಲಿರ್ತೀನಿ ಅನ್ನೋದ್ರ ಮೇಲೆ ನನ್ನ ಅರ್ಧ ವರ್ಷ ನಿಂತಿದೆ.

ಜೂನ್ ಜುಲೈ ಆಗಸ್ಟ್ ಇದೆಯಲ್ಲ, ಮೊದಲ ವರ್ಷ ಮಳೆಯಲ್ಲೂ ವೀರಾವೇಶದಿಂದ ತಿರುಗ್ದೆ. 2018ರಲ್ಲಿ ಜೋಡುಪಾಲ ಮದೆನಾಡು ಕಡೆ ಗುಡ್ಡ ಕುಸಿದಿದ್ದು ಎಲ್ಲರಿಗೂ ಗೊತ್ತು, ಆಮೇಲಿಂದ ಜೋರು ಮಳೆ ಅಂದ್ರೆ ಇಲ್ಲಿನೋರು ಸುಮ್ನೆ ಮನೆ ಬಿಡಲ್ಲ. ನಾನು ಬಿಟ್ಟೆ. ಭಾಗಮಂಡಲದ ಹತ್ರ ರಸ್ತೆ ಮೇಲೆ ನೀರು ಅಂತ ಅರ್ಧ ದಾರೀಲಿ ವಾಪಸ್, ಮರ ಬಿದ್ದಿದೆ ಅಂತ ಎರಡು ಗಂಟೆ, ಕೊನೆಗೆ ಅಂಗಡಿ ಸೇರಿದ್ರೆ ಕರೆಂಟಿಲ್ಲ, ಅಂಗಡಿಯವರು ಕಂಬಳಿ ಹೊದ್ದು 'ಎಂತ ಸಾರ್ ಈ ಮಳೇಲಿ, ಬನ್ನಿ ಕಾಫಿ ಕುಡೀರಿ' ಅಂತಾರೆ ಹೊರ್ತು ಯಾವ ಆರ್ಡರೂ ಇಲ್ಲ. ಈಗ ಜೋರು ಮಳೆ ವಾರಗಳಲ್ಲಿ ಹತ್ತಿರದ ಪೇಟೆ ಮಾತ್ರ, ಉಳಿದ ಹೊತ್ತಲ್ಲಿ ಫೋನು, ಹಳೇ ಲೆಕ್ಕ ತಾಳೆ ನೋಡೋದು, ಸೆಪ್ಟೆಂಬರ್ ಅಕ್ಟೋಬರಿನ ಮಳೆಗಾಲದ ನಂತರದ ಗೊಬ್ಬರಕ್ಕೆ ಯಾರು ಎಷ್ಟು ತಗೋಬಹುದು ಅನ್ನೋ ಲಿಸ್ಟು.

ಈ ಲಿಸ್ಟಿನ ವಿಷಯದಲ್ಲಿ ಒಂದು ಹೇಳ್ಬೇಕು. ಇಪ್ಪತ್ತು ಪರ್ಸೆಂಟ್ ಗಿರಾಕಿಗಳಿಂದ ಎಂಬತ್ತು ಪರ್ಸೆಂಟ್ ವ್ಯಾಪಾರ ಅನ್ನೋ ಮಾತಿದೆ, ಪರೇಟೋ ಅನ್ನೋ ಇಟಲಿಯ ಅರ್ಥಶಾಸ್ತ್ರಜ್ಞನ ಹೆಸರಲ್ಲಿ (ಈ ಇಟಲಿಯವರಿಗೆ ನಮ್ಮ ಟೈಮ್ ಮೇಲೆ ಎಂತ ಇಷ್ಟು ಕಣ್ಣೋ). ನನ್ನ ಲೆಡ್ಜರ್ ತೆಗೆದು ನೋಡಿದ್ರೆ 58 ಡೀಲರ್‌ಗಳಲ್ಲಿ 13 ಜನ ಮುಕ್ಕಾಲು ಪಾಲು ವ್ಯಾಪಾರ ಕೊಡ್ತಿದ್ರು. ಹಳೇ ಪ್ಲಾನಲ್ಲಿ ಎಲ್ಲರಿಗೂ ತಿಂಗಳಿಗೆ ಎರಡು ಭೇಟಿ, ದೊಡ್ಡವರಿಗೂ ಎರಡು, ವರ್ಷಕ್ಕೆ ನಾಲ್ಕು ಬಾಕ್ಸ್ ತಗೊಳ್ಳೋರಿಗೂ ಎರಡು. ಹದಿಮೂರು ಜನಕ್ಕೆ ವಾರವಾರ, ಮಧ್ಯದವರಿಗೆ ಹದಿನೈದು ದಿನಕ್ಕೊಮ್ಮೆ, ಉಳಿದವರಿಗೆ ಫೋನು ಮತ್ತೆ ಸೀಸನ್‌ಗೆ ಒಂದು ಸಲ ಅಂತ ಮಾಡ್ದೆ. ಡ್ರೈವಿಂಗ್ ಕಮ್ಮಿ ಮಾಡಕ್ಕಾಗಲ್ಲ ಅಂದ್ಕೊಂಡಿದ್ದು ಸುಳ್ಳಾಯ್ತು, ವಾರಕ್ಕೆ ಆರು ಗಂಟೆ ಅಲ್ಲೇ ಉಳೀತು.

ಇದೆಲ್ಲ ನಮ್ಮ ಮ್ಯಾನೇಜರ್‌ಗೆ ಒಪ್ಪಿಸೋದೇ ದೊಡ್ಡ ಸೇಲ್ ಆಗೋಯ್ತು. ಅವರ ರೂಲು ದಿನಕ್ಕೆ ಹನ್ನೆರಡು ವಿಸಿಟ್. 'ಮಂಡ್ಯದ ಹುಡುಗ ಹದಿನಾಲ್ಕು ಮಾಡ್ತಾನೆ' ಅಂತ ಪ್ರತಿ ಮೀಟಿಂಗಲ್ಲೂ. ಮಂಡ್ಯ ಬಯಲುಸೀಮೆ ಸಾರ್ ಅಂದ್ರೆ, ಎಕ್ಸ್‌ಕ್ಯೂಸ್ ಕೊಡ್ಬೇಡಿ ಅಂತಾರೆ. ನೋಟ್‌ಬುಕ್ ಫೋಟೋ ಕಳಿಸ್ದೆ, ನೋಡಿ ಹೆಬ್ಬೆಟ್ಟು ಚಿಹ್ನೆ ಹಾಕಿ ಸುಮ್ನಾದ್ರು. ಕೊನೆಗೆ 2024ರ ಜುಲೈನಲ್ಲಿ ಒಂದು ದಿನ ಅವರೇ ಜೊತೆಗೆ ಬರ್ತೀನಿ ಅಂದ್ರು, ಹನ್ನೆರಡು ಮಾಡೋದು ಹೇಗೆ ಅಂತ ತೋರಿಸ್ತೀನಿ ಅಂತ. ಮಂಗಳವಾರ ಬಂದ್ರು. ಸುಂಟಿಕೊಪ್ಪದಿಂದ ಮಾದಾಪುರ ಸೋಮವಾರಪೇಟೆ ರೂಟು. ಮಾದಾಪುರ ಬರೋಕೂ ಮುಂಚೆ 'ಒಂದು ನಿಮಿಷ ಸೈಡಿಗೆ ಹಾಕಿ' ಅಂದ್ರು, ತಿಂಡಿಗೆ ತಿಂದಿದ್ದ ಮಸಾಲೆ ದೋಸೆ ಅಲ್ಲೇ ಕಾಫಿ ಗಿಡದ ಬುಡಕ್ಕೆ ಹೋಯ್ತು. ನಾನು ಏನೂ ಅನ್ಲಿಲ್ಲ, ನೀರು ಕೊಟ್ಟೆ, ನಿಂಬೆಹಣ್ಣು ಕಾರಲ್ಲಿ ಯಾವಾಗ್ಲೂ ಇಟ್ಟಿರ್ತೀನಿ ಅದನ್ನೂ ಕೊಟ್ಟೆ. ಅವತ್ತು ನಾವಿಬ್ರೂ ಸೇರಿ ಮಾಡಿದ್ದು ಆರು ವಿಸಿಟ್. ವಾಪಸ್ ಹೋಗುವಾಗ 'ನಿಮ್ಮ ಜಿಲ್ಲೆಗೆ ಎಂಟು ಸಾಕು' ಅಂದ್ರು. ನಾನು ಹೇಳಿದ್ದು ಏಳು. ಇರ್ಲಿ.

ಇಷ್ಟೆಲ್ಲ ಸರಿ ಹೋದ ಮೇಲೆ ನನಗೊಂದು ಕೊಬ್ಬು ಬಂತು. ವಾಚ್ ನೋಡೋ ಕೊಬ್ಬು. ಒಂದು ಭೇಟಿಗೆ ಇಪ್ಪತ್ತು ನಿಮಿಷ ಅಂತ ಇಟ್ಕೊಂಡೆ, ಮೊಬೈಲಲ್ಲಿ ವೈಬ್ರೇಷನ್ ಬೇರೆ. ಅಂಗಡಿಗಳಲ್ಲಿ ಅದು ಚೆನ್ನಾಗೇ ನಡೀತು, ಅಂಗಡಿಯವರಿಗೂ ನಾವು ಬೇಗ ಹೋದ್ರೇ ಖುಷಿ. ತೋಟದ ಮನೆಗಳಲ್ಲೂ ಅದನ್ನೇ ಮಾಡಿದ್ದು ತಪ್ಪಾಯ್ತು.

ನಾಪೋಕ್ಲು ಕಡೆ ಒಬ್ರು ಹಿರಿಯ ಪ್ಲಾಂಟರು, ಅವರ ಮನೆಗೆ ಹೋದ್ರೆ ಮೊದಲು ಕಾಫಿ, ಆಮೇಲೆ ನಾಯಿಗಳ ಆರೋಗ್ಯ, ಮಗ ಬೆಂಗಳೂರಿಂದ ಬರಲ್ಲ ಅನ್ನೋದು, ಆಮೇಲೆ ಹಾಕಿ. ಹಾಕಿ ಅಂದ್ರೆ ಸುಮ್ನೆ ಅಲ್ಲ, 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟಿಂದ ಹಿಡಿದು ವರ್ಷವರ್ಷ ಯಾರು ಗೆದ್ರು ಅಂತ ಅವರಿಗೆ ಬಾಯಿಪಾಠ. 2024ರಲ್ಲಿ ಅವರ ಪಕ್ಕದ ನಾಪೋಕ್ಲಲ್ಲೇ ಕುಂಡ್ಯೋಳಂಡ ಕಪ್ ಆಗಿತ್ತು, 360 ಕುಟುಂಬದ ಟೀಮು. ಅವತ್ತು ನಾನೂ ಗ್ಯಾಲರೀಲಿ ಅವರ ಪಕ್ಕ ಕೂತಿದ್ದೆ, ಸುಮ್ನೆ ಹೇಳ್ಬಾರ್ದು, ಒಂದೇ ಮಧ್ಯಾಹ್ನ ಆ ಗ್ಯಾಲರೀಲಿ ನನಗೆ ಏಳು ತೋಟದೋರ ಪರಿಚಯ ಆಯ್ತು, ಪೆಟ್ರೋಲ್ ಖರ್ಚಿಲ್ದೆ. ಅಂತಾ ಮನುಷ್ಯರ ಮನೇಲಿ 2025ರ ಏಪ್ರಿಲ್ ಕೊನೇಲಿ ಒಂದು ಶುಕ್ರವಾರ ಕೂತಿದ್ದಾಗ ಮೊಬೈಲ್ ಗುರ್ ಅಂತು. 'ಸಾರ್ ಇನ್ನೊಂದು ಮೀಟಿಂಗ್ ಇದೆ' ಅಂತ ಎದ್ದೆ. ಆಂಟಿ ಒಳಗೆ ಅಕ್ಕಿ ರೊಟ್ಟಿ ತಟ್ತಿದ್ರು, ಒಂದು ತಿಂದು ಹೋಗು ಅಂದ್ರು, ಇನ್ನೊಂದ್ಸಲ ಆಂಟಿ ಅಂದೆ. ನನ್ನ ಪ್ಲಾನಲ್ಲಿ ಅವರ ಮೈಲುತುತ್ತು ಆರ್ಡರು ಮೇ ಕೊನೇ ವಾರಕ್ಕೆ ಅಂತ ಇತ್ತು, ಹಿಂದಿನ ವರ್ಷ ಹಾಗೇ ಆಗಿತ್ತು.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು ಕೂತ್ಕೊಳ್ತು. ಕೊಡಗಲ್ಲೂ ಹಿಡ್ಕೊಂಡು ಬಾರಿಸ್ತು. ನಾನು ಗಾಬರಿಯಿಂದ ಫೋನ್ ಮಾಡಿದ್ರೆ ಅವರು ಆರಾಮಾಗಿ, 'ನಮ್ದು ಸ್ಪ್ರೇ ಆಗಿ ಹತ್ತು ದಿನ ಆಯ್ತಲ್ಲ' ಅಂದ್ರು. ಸ್ಪ್ರೇ ಹೊಡೆಯೋ ಅಸ್ಸಾಂ ಹುಡುಗರ ಗುಂಪು ಈ ಸಲ ಮೇ ಎರಡನೇ ವಾರಕ್ಕೇ ಸಿಕ್ಕಿತ್ತಂತೆ, ಅವರದ್ದು, ಅವರ ತಮ್ಮನದ್ದು, ಪಕ್ಕದ ಎರಡು ತೋಟದ್ದು ಎಲ್ಲ ಸೇರಿಸಿ ಒಟ್ಟಿಗೆ ಮುಗಿಸಿದ್ರಂತೆ, ಮಾಲು ವಿರಾಜಪೇಟೆಯಿಂದ ಬೇರೆ ಕಂಪನಿದು. 'ನಿನಗೆ ಅವತ್ತೇ ಹೇಳೋಣ ಅಂತಿದ್ದೆ, ಹುಡುಗರು ಬೇಗ ಬರ್ತಾರೆ ಅಂತ. ನೀನು ಎದ್ದು ಹೋದ್ಯಲ್ಲ.' ಬೇಜಾರಿಲ್ದೆ ಹೇಳಿದ್ರು, ಅದೇ ಇನ್ನೂ ಉರೀತು. ಅಂದ್ರೆ ನಾಯಿ, ಮಗ, ಹಾಕಿ ಆದ ಮೇಲೆ ಅದೇ ಮಾತಿನ ಬಾಲದಲ್ಲಿ ಯಾವ ವಾರ ಸ್ಪ್ರೇ ಅನ್ನೋದು ಬರ್ತಿತ್ತು. ನಾನು ಬಾಲ ಬರೋಕೆ ಐದು ನಿಮಿಷ ಮುಂಚೆ ಎದ್ದು ಬಂದಿದ್ದೆ. ನಾಲ್ಕು ತೋಟದ ಆರ್ಡರು.

ಅವತ್ತಿಂದ ಶುಕ್ರವಾರ ಮೊಬೈಲ್ ವೈಬ್ರೇಷನ್ ಆಫ್. ತೋಟಗಳಿಗೆ ದಿನಕ್ಕೆ ನಾಲ್ಕೇ ಭೇಟಿ, ಐದನೇದು ಇಟ್ಕೊಳ್ಳಲ್ಲ. ಕೂತ್ಕೊಂಡು ಕೇಳೋ ಮಾತಲ್ಲಿ ಆಳು ಯಾವಾಗ ಬರ್ತಾರೆ, ಸ್ಪ್ರಿಂಕ್ಲರ್ ಯಾವಾಗ ಶುರು, ಮರ ಕಪಾತ್ ಅಂದ್ರೆ ಕೊಂಬೆ ಸವರೋದು ಮುಗೀತಾ, ಕಾಫಿ ಮಾರ್ದೆ ಹಿಡಿದಿಟ್ಟಿದ್ದಾರಾ ಕೊಟ್ರಾ, ಇಷ್ಟನ್ನ ಹೊರಗೆ ಬಂದ ತಕ್ಷಣ ಕಾರಲ್ಲಿ ಕೂತು ಬರ್ಕೋತೀನಿ, ಅವರ ಎದುರಿಗೆ ಪೆನ್ನು ತೆಗೆಯಲ್ಲ. ಪೆನ್ನು ಕಂಡ್ರೆ ಮಾತು ನಿಲ್ಲುತ್ತೆ. ಗುರುವಾರ ಸಿದ್ದಾಪುರ ಮಾಲ್ದಾರೆ ಕಡೆ ಮಾತ್ರ ಐದೂವರೆಗೆ ಎಲ್ಲಿದ್ರೂ ಎದ್ದುಬಿಡ್ತೀನಿ, ಅಲ್ಲಿ ಯಾರೂ ತಪ್ಪು ತಿಳ್ಕೊಳ್ಳಲ್ಲ, 'ಹೋಗು ಹೋಗು, ಆನೆ ಇಳೀತವೆ' ಅಂತ ಅವರೇ ಕಳಿಸ್ತಾರೆ.

ಹೋದ ಸೆಪ್ಟೆಂಬರಲ್ಲಿ ಕೈಲ್‌ಪೊಳ್ದು, ಕೊಡವರ ಆಯುಧ ಪೂಜೆ ಹಬ್ಬ, ಮುಗಿದ ಮೇಲೆ, ಊರು ಮತ್ತೆ ಕೆಲಸಕ್ಕೆ ಇಳಿದ ಮೇಲೆ, ಅದೇ ನೋಟ್‌ಬುಕ್ಕಲ್ಲಿ ಇನ್ನೊಂದ್ಸಲ ಎರಡು ವಾರ ಬರ್ದೆ. ಈ ಸಲ ವಾರಕ್ಕೆ ಒಟ್ಟು 60 ಗಂಟೆ, ಅಂದ್ರೆ ದಿನಕ್ಕೊಂದು ಗಂಟೆ ಬೇಗ ಮನೆಗೆ. ಡ್ರೈವ್ 24 ಇದ್ದಿದ್ದು 18. ಕಾಯೋದು 12 ಇದ್ದಿದ್ದು 5. ಊಟ ತಿಂಡಿ ಇತ್ಯಾದಿ 7. ಗಿರಾಕಿ ಜೊತೆ 13 ಇದ್ದಿದ್ದು 21, ಅದರಲ್ಲಿ ಆರ್ಡರ್ ಕೊಡೋರ ಜೊತೆನೇ 16. ಟಾರ್ಗೆಟ್ ಎಲ್ಲಾ ತಿಂಗಳೂ ಆಗುತ್ತೆ ಅಂತಲ್ಲ, ಆಗಸ್ಟಲ್ಲಿ ಹೋಯ್ತು, ಆದ್ರೆ ಯಾಕೆ ಹೋಯ್ತು ಅಂತ ಈಗ ನನಗೆ ಗೊತ್ತಿರುತ್ತೆ.

ರಿಪೋರ್ಟು, ಆ್ಯಪು, ವಾಟ್ಸಾಪ್ ಗ್ರೂಪು ಮಾತ್ರ ಆಗ 9, ಈಗ್ಲೂ 9. ಅಂಗಡಿ ಮುಂದೆ ನಿಂತು ಸೆಲ್ಫಿ, ಸಿಗ್ನಲ್ ಇಲ್ದೆ ಇದ್ರೂ ಲೊಕೇಶನ್, ಸಂಜೆ ಒಂದು ಎಕ್ಸೆಲ್, ಅದೇ ಎಕ್ಸೆಲ್ ಆ್ಯಪಲ್ಲಿ ಇನ್ನೊಂದ್ಸಲ. ಅದಕ್ಕೆ ಸಂತೆನೂ ಇಲ್ಲ, ಸಂತೆ ಮಾರನೇ ದಿನನೂ ಇಲ್ಲ. ಮ್ಯಾನೇಜರ್‌ಗೆ ಇದನ್ನ ಹೇಳ್ದೆ, 'ಒಳ್ಳೇ ಪಾಯಿಂಟು, ಎಲ್ಲರೂ ಚರ್ಚೆ ಮಾಡೋಣ' ಅಂದ್ರು. ಮೊನ್ನೆ ಬುಧವಾರ ಒಂದು ಹೊಸ ವಾಟ್ಸಾಪ್ ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿದ್ದಾರೆ, ಹೆಸರು 'ಟೈಮ್ ಮ್ಯಾನೇಜ್‌ಮೆಂಟ್'. ದಿನಾ ಸಂಜೆ ಏಳಕ್ಕೆ ಅದರಲ್ಲಿ ರಿಪೋರ್ಟ್ ಹಾಕ್ಬೇಕಂತೆ.